ಹಳೇ ತಾರೀಖಿನ ಡ್ಯೂಟಿ ಚಾರ್ಟು

ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಲ್ಲಿ ಖಾಸಗಿ ಬಸ್ ಕಂಪನಿಯ ಗುಮಾಸ್ತರು, ಅವರ ಆಫೀಸಿನ ಕಂಪ್ಯೂಟರ್ ರಿಪೇರಿ ಮುಗಿಸಿ ಹೊರಟಿದ್ದ ಹುಡುಗಿ.

"ಹೊಸ ಸರ್ವರಲ್ಲಿ ನಿಮ್ಮ ಹಳೇ ಸಾಫ್ಟ್‌ವೇರು ಈಗಿನ ತಾರೀಖಿಗೆ ಓಪನ್ನೇ ಆಗಲ್ಲ ಸಾರ್. ಅದಕ್ಕೇ ಸರ್ವರ್ ತಾರೀಖನ್ನ 2014ರ ಆಗಸ್ಟ್‌ಗೆ ಹಿಂದಕ್ಕೆ ಹಾಕಿದೀನಿ."

"ಓಪನ್ ಆಯ್ತಮ್ಮ. ಅವತ್ತಿನ ಡ್ಯೂಟಿ ಚಾರ್ಟೂ ಬಂತು. ಕೊತ್ತಗೆರೆ ಟ್ರಿಪ್ಪು, ಡ್ರೈವರ್ ಮುತ್ತುರಾಜ್ ಅಂತ."

"ಯಾರು ಸಾರ್ ಅವ್ರು?"

"ನನ್ನ ತಮ್ಮ. ಆ ತಿಂಗಳು ಹತ್ತೊಂಬತ್ತನೇ ತಾರೀಖು ಆಕ್ಸಿಡೆಂಟಲ್ಲಿ ಹೋದ."

"ಅಯ್ಯೋ. ನಾನು ಹಾಕಿರೋದು ಹದಿನೆಂಟು ಸಾರ್."

"ನೋಡ್ದೆ. ನಾಳೆ ಅದು ಹತ್ತೊಂಬತ್ತಾಗೋದು ಬೇಡಮ್ಮ. ಹಿಂದಕ್ಕೆ ಹಾಕೋದು ಹೆಂಗೆ ಅಂತ ನಂಗೂ ಕಲ್ಸು. ದಿನಾ ಸಾಯಂಕಾಲ ನಾನೇ ಒಂದು ದಿನ ಹಿಂದಕ್ಕೆ ಹಾಕ್ಕೊತೀನಿ."

ಬಸ್ ಬಂತು. ಹುಡುಗಿ ಹತ್ತಲಿಲ್ಲ. ಇಬ್ಬರೂ ಆಫೀಸಿನ ಕಡೆ ವಾಪಸ್ ನಡೆದರು.