ಗೀರಿಲ್ಲದ ಪ್ಲೇಟು

...ಬೇಡಕ್ಕಾ, ಏನೂ ಬೇಡ, ನೀರೂ ಬೇಡ. ಮೊದಲು ಕೂತ್ಕೋ. ಕೂತು ಇದನ್ನ ನೋಡು. ನಿನ್ನದೇ ರೆಕಾರ್ಡು. ನೀನು ಹಾಡಿದ ಒಂದೇ ಒಂದು ರೆಕಾರ್ಡು. ಕವರಿನ ಮೇಲೆ ಇಪ್ಪತ್ತೆರಡು ವರ್ಷದ ನೀನು, ಎರಡು ಜಡೆ, ಕೋಪದ ಮುಖ... ಯಾಕೆ ನಗ್ತೀಯ? ನಗೋ ವಿಷಯವಾ ಇದು? ನಕಲಿ ಅಕ್ಕಾ ಇದು, ಶುದ್ಧ ನಕಲಿ!

ಹಾಗೆ ಹುಬ್ಬು ಏರಿಸ್ಬೇಡ. ಸುಮ್ಮನೆ ಹೇಳೋ ಮನುಷ್ಯನಾ ನಾನು? ನಮ್ಮ ರೆಕಾರ್ಡು ಸಂಗ್ರಾಹಕರ ಸಂಘದಲ್ಲಿ ಮೂವತ್ತು ವರ್ಷದಿಂದ, 'ಅವರು ನೋಡಿದ್ರಾ?' ಅಂತ ವಿಚಾರಿಸಿದ ಮೇಲೇ ಜನ ಹಳೇ ರೆಕಾರ್ಡಿಗೆ ಕೈ ಹಾಕೋದು. ಇಲ್ಲಿ ನೋಡು, ಹಾಡು ಮುಗಿದು ಲೇಬಲ್ ಶುರುವಾಗೋ ಮಧ್ಯೆ ಒಂದು ಬೋಳು ಉಂಗುರ ಇದೆಯಲ್ಲ, ಅಲ್ಲಿ ನಂಬರು. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ರೆ ಅಕ್ಷರ ಸಾಲಾಗಿ ನಿಂತಿರಬೇಕು. ಇದನ್ನ ಯಾರೋ ಮೊಳೆಯಲ್ಲಿ ಗೀಚಿದ್ದಾರೆ. ಈ ಏಳು ನೋಡು, ಕುಡಿದವನ ಹಾಗೆ ವಾಲಿದೆ.

ಅದು ಬಿಡು. ಅದಕ್ಕಲ್ಲ ನಾನು ಓಡಿ ಬಂದದ್ದು. ಪ್ಲೇಯರ್ ಹಾಕ್ತೀನಿ... ಎರಡನೇ ಚರಣ. ಬಂತು, ಕೇಳ್ಕೋ. ಟಿಕ್... ಟಿಕ್... ಟಿಕ್. ಮೂರು ಸಲ. ಕೇಳಿಸ್ತಾ? ಈಗ ಪ್ಲೇಟನ್ನ ಕಿಟಕಿ ಬೆಳಕಿಗೆ ಓರೆ ಹಿಡಿ. ಎಲ್ಲಿದೆ ಗೀರು? ಕನ್ನಡಿ! ಗೀರು ಪ್ಲೇಟಿನ ಮೇಲಿಲ್ಲ, ಹಾಡಿನೊಳಗಿದೆ. ಅಂದ್ರೆ ಗೀರು ಬಿದ್ದ ಒಂದು ಅಸಲಿ ಪ್ಲೇಟನ್ನ ಹಾಕಿ, ಅದರ ದನಿ ಹಿಡಿದು, ಇದನ್ನ ಒತ್ತಿದ್ದಾರೆ. ಯಾರ ಪ್ಲೇಟು ಅದು? ಹೇಳು. ಮದುವೆಯಾದ ಹೊಸದರಲ್ಲಿ ಭಾವ ಮೇಜು ಎಳೆಯೋಕೆ ಹೋಗಿ ಮುಳ್ಳು ಹಾರಿಸಿದ್ದು ನೆನಪಿದೆಯಾ? ಮೂರು ದಿನ ನೀನು ಅವರ ಹತ್ತಿರ ಮಾತು ಬಿಟ್ಟಿದ್ದೆ... ಅದೇ ಗೀರು, ಅದೇ ಜಾಗ! ಲೋಕದಲ್ಲಿ ಇನ್ನೊಂದು ಇರೋಕೆ ಸಾಧ್ಯವಾ?

ನಂಬಿದ್ದೆನಲ್ಲ ನಿನ್ನನ್ನ. ಕಣ್ಣು ಮುಚ್ಚಿ ನಂಬಿದ್ದೆ. ನೀನು ಯಾರಿಗೋ ಕೊಟ್ಟಿದ್ದೀಯ. 'ಕೇಳಿ ವಾಪಸ್ ಕೊಡ್ತೀನಿ ಆಂಟಿ' ಅಂದಿರ್ತಾನೆ ಯಾವನೋ ನಯಗಾರ, ನೀನು ಕರಗಿರ್ತೀಯ. ಕೊಟ್ಟಿದ್ದೀಯೋ ಇಲ್ಲವೋ? ಇಲ್ಲ ಅಂತಾದ್ರೂ ಹೇಳು! ಏನು, ಉಗುರು ನೋಡ್ಕೊಂಡು ಕೂತ್ರೆ ಆಯ್ತಾ?

ನಾನು ತಗೊಂಡು ಹೋಗಿದ್ದು ಬೇರೆ ವಿಷಯ. ಅದು ಹನ್ನೊಂದು ವರ್ಷದ ಹಿಂದೆ, ತೊಳೆಸೋಕೆ ಅಂತ. ಕೊಳೆ ಹಿಡಿದಿತ್ತು, ಮೂರು ತಿಂಗಳಾಯ್ತು, ವಾಪಸ್ ಕೊಟ್ಟೆ. ಅದನ್ನ ಇದಕ್ಕೆ ಗಂಟು ಹಾಕ್ಬೇಡ... ಹಾಕಿಲ್ಲ, ಸರಿ, ನೀನು ಏನೂ ಅನ್ನಲಿಲ್ಲ. ಮುಂಚೆಯೇ ಹೇಳಿದೆ, ಅಷ್ಟೇ.

ನೋಡು, ನಾಳೆ ಸಂಘದ ಸಭೆ. ಇಂಥ ನಕಲಿ ಈಗಾಗಲೇ ಒಂಬತ್ತು ಸಿಕ್ಕಿವೆ. ನಿನ್ನ ಗೀರಿನ ಕಥೆ ಅಲ್ಲಿ ಎಲ್ಲರಿಗೂ ಗೊತ್ತು, ನಾನೇ ಹೇಳಿ ಹೇಳಿ ಅವರ ತಲೆ ತಿಂದಿದ್ದೀನಿ. 'ನಿಮ್ಮ ಅಕ್ಕನ ಪ್ಲೇಟು ಹೊರಗೆ ಹೇಗೆ ಬಂತು ಸಾರ್?' ಅಂತ ಕಾರ್ಯದರ್ಶಿ ಕೇಳಿದ. ನನ್ನನ್ನ! ನಕಲಿಗೆ ಕೈ ಜೋಡಿಸಿದವರನ್ನ ಹೊರಗೆ ಹಾಕಬೇಕು ಅಂತ ನಿಯಮ ಬರೆದವನೇ ನಾನು. ಅದಕ್ಕೇ ಈ ಕಾಗದ. ಟೈಪ್ ಮಾಡಿಸಿ ತಂದಿದ್ದೀನಿ. 'ತಿಳಿಯದೆ ಪರಿಚಯದವರೊಬ್ಬರಿಗೆ ಕೊಟ್ಟಿದ್ದೆ, ಹೆಸರು ನೆನಪಿಲ್ಲ' ಅಂತ. ನಿನಗೆ ಯಾರೂ ಏನೂ ಅನ್ನಲ್ಲ. ನೀನು ಹಾಡಿದವಳು, ಕೈ ಮುಗೀತಾರೆ.

ಛೆ, ಎಂಥಾ ಕೊಲೆ ಮಾಡಿದ್ದಾರೆ ಗೊತ್ತಾ ಹಾಡನ್ನ! ಆ ಚರಣಕ್ಕೆ ಮುಂಚೆ ನೀನು ಚೂರು ಉಸಿರು ಎಳ್ಕೊಳ್ತೀಯಲ್ಲ, ಅಸಲಿಯಲ್ಲಿ ಅದು ಕಿವಿಯ ಪಕ್ಕದಲ್ಲೇ ಕೇಳುತ್ತೆ. ಇದರಲ್ಲಿ ಹಳೇ ಕರಕರ ಕಮ್ಮಿ ಮಾಡೋಕೆ ಹೋಗಿ ಉಸಿರನ್ನೂ ಒರೆಸಿ ಹಾಕಿದ್ದಾರೆ. ಬೇರೆಯವರಿಗೆ ತಿಳಿಯಲ್ಲ ಬಿಡು. ಹಾಡಿದವರಿಗಾದ್ರೆ ಮುಳ್ಳು ಇಟ್ಟ ತಕ್ಷಣ...

ತಕ್ಷಣ ತಿಳಿಯುತ್ತೆ.

...ಯಾಕೆ ಹಾಗೆ ನೋಡ್ತೀಯ? ಎಲ್ಲಿಗೆ ಎದ್ದೆ? ನಿನ್ನ ಪ್ಲೇಟು ತರಬೇಡ! ಅದರ ಅಗತ್ಯ ಇಲ್ಲ, ನಾನು ಕೇಳಿದ್ನಾ? ...ಓ. ಕನ್ನಡಕಕ್ಕಾ. ಸರಿ. ಸರಿ ಸರಿ.

ನಿನ್ನ ಪ್ಲೇಟನ್ನ ಕೊನೇ ಸಲ ಯಾವಾಗ ಹಾಕಿದ್ದೆ? ಮುಂಚೆ ಭಾನುವಾರ ಬಂದ್ರೆ ಹಾಕ್ತಿದ್ದೆಯಲ್ಲ... ನಾನು ವಾಪಸ್ ಕೊಟ್ಟ ಮೇಲೆ? ಒಂದ್ಸಲ? ಒಂದೇ ಸಲ ಹಾಕಿ ಎತ್ತಿಟ್ಯಾ?

ಏನು, ಪೆನ್ನು ತೆಗೆದೆ? ಓದು ಮೊದಲು. ಓದದೇ ಸಹಿ ಹಾಕ್ತೀಯಾ? ಯಾರಿಗೆ ಕೊಟ್ಟೆ ಅಂತ ಕೇಳಿದ್ರೆ ಏನು ಹೇಳ್ತೀಯ? 'ನಾನು ಯಾರಿಗೂ ಕೊಟ್ಟಿಲ್ಲ ಕಣೋ' ಅಂತ ಕೂಗಾಡಲ್ವಾ ನೀನು? ತಪ್ಪು ಮಾಡದವರು ಕೂಗಾಡ್ತಾರೆ ಅಕ್ಕಾ! ನನ್ನ ಮೇಲೆ ಯಾರಾದ್ರೂ ಹೀಗೆ ಸುಳ್ಳು ಹೊರಿಸಿದ್ದಿದ್ರೆ ಮನೆ ಮೇಲಿನ ಹಂಚು ಹಾರಿ ಹೋಗ್ತಿತ್ತು...

ಗೊತ್ತಿತ್ತು. ಅಲ್ವಾ? ಹನ್ನೊಂದು ವರ್ಷದಿಂದ ನಿನಗೆ ಗೊತ್ತಿತ್ತು.

ಹೌದು. ನಿನ್ನ ಅಸಲಿ ನನ್ನ ಬೀರುವಿನಲ್ಲಿದೆ. ನಿನ್ನ ಹತ್ತಿರ ಇರೋದು ಮೊದಲನೇ ನಕಲು. ಇಲ್ಲಿ ಮಕ್ಕಳು ಓಡಾಡ್ತವೆ, ಯಾರಾದ್ರೂ ಮುರೀತಾರೆ, ನನ್ನ ಹತ್ತಿರ ಇದ್ರೆ ಉಳಿಯುತ್ತೆ ಅಂತ... ಉಳಿಸಿದ್ದೀನಿ ಕೂಡ! ಧೂಳು ಸೋಕಿಸಿಲ್ಲ! 'ಒಂದೇ ಪ್ರತಿ ಸಾರ್, ಆಮೇಲೆ ಅಚ್ಚು ಒಡೆದು ಹಾಕ್ತೀನಿ' ಅಂತ ಮಗಳ ತಲೆ ಮೇಲೆ ಕೈಯಿಟ್ಟು ಹೇಳಿದ್ದ, ಆ ನಕಲು ಒತ್ತಿಕೊಟ್ಟವನು. ಎಂಥಾ ದ್ರೋಹಿ ನೋಡು. ನಂಬಿದವನಿಗೆ, ಮನೆಯವನ ಹಾಗೆ ನಂಬಿದವನಿಗೆ ಯಾರಾದ್ರೂ ಹೀಗೆ...

ಬೈಯಿ ಅಕ್ಕಾ. ಪೆನ್ನು ಕೆಳಗಿಡು, ಬೈಯಿ. ಬೇಡ ಅಂದ್ನಲ್ಲ, ಕೊಡು ಕಾಗದ, ಹರಿದು ಹಾಕ್ತೀನಿ. ನಾಳೆ ನಾನೇ ನಿಂತು ಹೇಳ್ತೀನಿ. ಹೇಳ್ತೀನಾ? ...ಹೇಳ್ತೀನಿ. ಕೊಡಕ್ಕಾ ಇಲ್ಲಿ. ಅಕ್ಕಾ...

ಸಹಿ ಕೆಳಗೆ ತಾರೀಖು ಬೇರೆ ಹಾಕ್ತಿದ್ದೀಯಲ್ಲೇ!