ಹಿಂದಿನ ಸೀಟು

ಗ್ಯಾರೇಜಿನ ಬೆಂಚಿನ ಮೇಲೆ ಸ್ಕೂಟರಿಗಾಗಿ ಕಾಯುತ್ತಿದ್ದ ಟೀಚರಿಗೆ, ಮೆಕ್ಯಾನಿಕ್ಕೂ ಪಕ್ಕದಲ್ಲಿ ಕೂತಿದ್ದ ನರೆಗೂದಲಿನ ಗಿರಾಕಿಯೂ ಆಡುತ್ತಿದ್ದ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕಾರಿನ ಡ್ರೈವರ್ ಕಡೆ ಸ್ಪ್ರಿಂಗ್ ಒಂದೇ ಕುಸಿದಿದೆ ಸಾರ್. ಹಿಂದಿನವೆರಡೂ ಹೊಸದರ ಹಾಗಿವೆ. ಯಾವಾಗ್ಲೂ ಒಬ್ರೇ ಓಡಾಡ್ತೀರಾ?”

“ಹೂಂ, ಹೆಚ್ಚುಕಮ್ಮಿ.”

“ಹಾಗಾದ್ರೆ ಮುಂದಿನ ಜೋಡಿ ಬದಲಾಯಿಸಿದ್ರೆ ಸಾಕು. ಶಾಕ್ ಅಬ್ಸಾರ್ಬರ್ ಮಾತ್ರ ನಾಲ್ಕೂ ಚಕ್ರಕ್ಕೆ ಮೆತ್ತಗಿರೋದು ಹಾಕ್ಲಾ? ಒಬ್ರಿಗೆ ಹಾಯಾಗಿರತ್ತೆ.”

“ಹಿಂದೆ ಮೂರು ಜನ ಕೂತ್ರೆ?”

“ಗುಂಡಿಗೆ ಇಳಿದಾಗ ತಳ ಬಡಿಯತ್ತೆ. ಯಾರಾದ್ರೂ ಬರೋರಿದಾರಾ?”

ಗಿರಾಕಿ ಕಾರಿನ ಕಡೆ ನೋಡಿದರು.

“ಸದ್ಯಕ್ಕೆ ಯಾರೂ ಇಲ್ಲ. ಆದ್ರೂ ನಾಲ್ಕಕ್ಕೂ ಗಟ್ಟಿದೇ ಹಾಕಿಬಿಡಿ.”

“ಒಬ್ರೇ ಇದ್ದಾಗ ಕುಲುಕತ್ತೆ ಸಾರ್. ಸೊಂಟ ಹಿಡ್ಕೊಳ್ಳತ್ತೆ.”

“ಹಿಡ್ಕೊಳ್ಳಲಿ ಬಿಡಿ. ಬಂದೋರಿಗೆ ತೊಂದರೆ ಆಗ್ಬಾರದು.”

ಮೆಕ್ಯಾನಿಕ್ ಕೈ ಒರೆಸಿಕೊಂಡ. “ಸರಿ, ಮೊದಲು ಒಂದು ಸುತ್ತು ಹೋಗಿಬರೋಣ. ನೀವು ಓಡಿಸಿ, ನಾನು ಹಿಂದೆ ಕೂತು ನೀವು ಹೇಳಿದ ಸದ್ದು ಎಲ್ಲಿಂದ ಬರತ್ತೆ ಕೇಳ್ತೀನಿ.”

“ಹಿಂದೆ ಕೂರ್ತೀರಾ?”

ಗಿರಾಕಿ ಆಗಲೇ ಎದ್ದಿದ್ದರು. ಹಿಂಬಾಗಿಲು ತೆಗೆದು, ಸೀಟಿನ ಧೂಳನ್ನು ಕರ್ಚೀಫಿನಿಂದ ಕೊಡವಿದರು.

“ಬನ್ನಿ ಬನ್ನಿ, ಆರಾಮಾಗಿ ಕೂತ್ಕೊಳ್ಳಿ. ಏಸಿ ಹಾಕ್ಲಾ?”

ಕಾರು ಗೇಟು ದಾಟಿ ತಿರುಗುವವರೆಗೂ ಅವರು ಹಿಂದಕ್ಕೆ ಕತ್ತು ಹೊರಳಿಸಿ ಏನೋ ಹೇಳುತ್ತಲೇ ಇದ್ದುದು ಟೀಚರಿಗೆ ಕಾಣುತ್ತಿತ್ತು.