ಒರೆಸದೆ ಉಳಿದ ಕೀಲಿಕೈ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ಒಬ್ಬ ಯುವಕ ಊದಿದ ಕೆನ್ನೆ ಹಿಡಿದು ಕೂತಿದ್ದ. ಜೊತೆಗೆ ಅವನ ಅಕ್ಕ. ಅವನು ಒಂದು ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುವವನು, ಅವಳು ಟೀಚರು ಎಂಬುದು ಮಾತಿನಲ್ಲೇ ತಿಳಿಯಿತು.

“ರೋಗಿಗಳ ಕಡತ ತೆರೆಯೋ ಗುಪ್ತ ಕೀಲಿಕೈ ಅಕ್ಕ, ಕೆಲಸ ಮುಗಿದ ಮೇಲೂ ಕಂಪ್ಯೂಟರ್ ಮೆಮೊರಿಯಲ್ಲೇ ಬಿದ್ದಿದೆ, ಕದಿಯೋರಿಗೆ ಸಿಗೋ ಹಾಗೆ. ಬೆಳಿಗ್ಗೆ ನೋಡ್ದೆ.”

“ಒರೆಸಿದೀನಿ ಅಂತ ಆಫೀಸಿನ ಮೇಡಂಗೆ ಹೇಳಿದ್ದೆಯಲ್ಲೋ.”

“ಒರೆಸು ಅಂತ ಬರೆದಿದ್ದೆ. ಆ ಜಾಗ ಮತ್ತೆ ಯಾರೂ ಓದಲ್ಲ, ಒರೆಸೋದು ದಂಡ ಅಂತ ಕಂಪೈಲರ್, ನಾವು ಬರೆದಿದ್ದನ್ನ ಯಂತ್ರದ ಭಾಷೆಗೆ ತಿರುಗಿಸೋದು, ಆ ಸಾಲನ್ನೇ ಕೈಬಿಟ್ಟಿದೆ.”

“ಜಾಣ ಸೋಮಾರಿ. ನಿನ್ನ ಹಾಗೇ.”

“ಕೀಲಿಕೈಗೇ ಅಂತ ಮೆಮೊರಿಯಲ್ಲಿ ಬೇರೆ ಜಾಗ ಕೇಳಿ ಪಡೀಬೇಕಿತ್ತು. ಅಲ್ಲಿಟ್ಟಿದ್ದು ಡಿಸ್ಕಿಗೆ ಹೋಗಲ್ಲ, ಆ ಜಾಗ ಬಿಟ್ಟುಕೊಡುವಾಗ ಕಂಪ್ಯೂಟರೇ ಖಂಡಿತ ಒರೆಸುತ್ತೆ. ನಾನು ಎಲ್ಲದರ ಜೊತೆ ಮಾಮೂಲಿ ಜಾಗದಲ್ಲೇ ಇಟ್ಟೆ.”

“ತಿರುಗಿ ನೋಡಲಿಲ್ವಾ? ನಾನು ಬೋರ್ಡು ಒರೆಸಿದ್ರೂ ಬಾಗಿಲಲ್ಲಿ ನಿಂತು ಒಂದ್ಸಲ ನೋಡ್ತೀನಿ.”

“ನಾನು ಬರೆದ ಸಾಲು ನೋಡ್ದೆ. ಬೋರ್ಡು ನೋಡಲಿಲ್ಲ.”

ಅಕ್ಕ ಗೋಡೆಯ ಗಡಿಯಾರ ನೋಡಿದಳು.

“ಆಸ್ಪತ್ರೆಗೆ ಯಾವಾಗ ಕೊಡೋದು?”

“ಇವತ್ತು ಮಧ್ಯಾಹ್ನ. ಈಗ ತಡೆದ್ರೆ ನನ್ನ ಕೆಲಸ ಖಾಯಂ ಆಗೋದು ಅನುಮಾನ. ಹಲ್ಲು ಕೀಳಿಸ್ಕೊಂಡು ಬಂದು ಹೇಳ್ತೀನಿ.”

“ಆಮೇಲೆ ನಿನ್ನ ಬಾಯಿ ಮರಗಟ್ಟಿರುತ್ತೆ. ಮೇಡಂಗೆ ಏನು ಅರ್ಥ ಆಗುತ್ತೆ?”

ಒಳಗಿನಿಂದ ಹನ್ನೊಂದನೇ ನಂಬರು ಕೂಗಿದರು. ಅವನ ಕೈಲಿದ್ದ ಚೀಟಿ ಅದೇ. ಅವನು ಏಳಲಿಲ್ಲ, ಫೋನು ಕಿವಿಗಿಟ್ಟ.

“ಮೇಡಂ, ಇವತ್ತು ಕಳಿಸ್ಬೇಡಿ. ಒರೆಸಿದೀನಿ ಅಂದಿದ್ದೆ. ಒರೆಸಿಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು.

“ಅಜ್ಜಿ, ನಿಮ್ಮದು ಹನ್ನೆರಡಾ? ನೀವು ಮೊದಲು ಹೋಗಿ. ಇವನಿಗೆ ಇನ್ನೂ ಹೊತ್ತಾಗುತ್ತೆ.”

ನಾನು ಎದ್ದೆ.